ಕುಂಯ್‌ಗುಟ್ಟುವ ಕಾರು, ಕದ್ದು ಕೇಳುವ ಕಾರು

ಹೋದ ವಾರ ಹೊಸ ಕಾರು ನೋಡೋಣ ಅಂತ ಶೋರೂಮಿಗೆ ಹೋಗಿದ್ದೆ. ಬೆಲ್ಟ್ ಹಾಕದೆ ಕೂತಿದ್ದಕ್ಕೆ ಕಾರು ಕುಂಯ್ ಕುಂಯ್ ಅನ್ನತೊಡಗಿತು. "ತಲೆ ಕೆಡಿಸ್ಕೋಬೇಡಿ ಸಾರ್, ಇದರ ಬಾಯಿ ಮುಚ್ಚಿಸೋಕೆ ಹೊರಗಡೆ ಕ್ಲಿಪ್ ಸಿಗುತ್ತೆ" ಅಂದ ಅಲ್ಲಿನ ಹುಡುಗ. ಐದು ನಿಮಿಷ ಬಿಟ್ಟು ಅವನೇ ಮೊಬೈಲ್ ಚಾಚಿ, ಕಾರಿನ ಆಪ್‌ನ ಕರಾರಿಗೆ ಒಂದು ಟಿಕ್ ಹಾಕಿ ಅಂದ. ಓದ್ತೀನಿ ಅಂದರೆ ನಕ್ಕುಬಿಟ್ಟ!

ವಾಪಸ್ ಬರುವಾಗ 1974ರ ಅಮೆರಿಕದ ಕಥೆ ನೆನಪಾಯ್ತು. ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಎಂಜಿನ್ನೇ ಸ್ಟಾರ್ಟ್ ಆಗಬಾರದು ಅಂತ ಆ ವರ್ಷದ ಮಾಡೆಲ್ ಕಾರುಗಳಿಗೆ ನಿಯಮ ಬಂದಿತ್ತು. ಸೀಟಿನಡಿ ಸೆನ್ಸರ್. ಮೊದಲು ಕೂರಬೇಕು, ಆಮೇಲೆ ಬೆಲ್ಟ್. ಕ್ರಮ ತಪ್ಪಿದರೂ ಕಾರು ಹೊರಡದು. ಪಕ್ಕದ ಸೀಟಿನಲ್ಲಿ ದಿನಸಿ ಚೀಲ ಇಟ್ಟರೆ ಅದಕ್ಕೂ ಬೆಲ್ಟ್ ಕಟ್ಟಬೇಕು, ನಾಯಿ ಕೂತರೆ ನಾಯಿಗೂ :-) ಜನ ರೇಗಿಬಿದ್ದರು. ಅದೇ ವರ್ಷ ಅಕ್ಟೋಬರ್ 27ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾನೂನು ಆ ಕಡ್ಡಾಯವನ್ನು ಕಿತ್ತುಹಾಕಿತು. ಸರ್ಕಾರ ಕೇಳುವ ಬಜರ್ ಕೂಡ 8 ಸೆಕೆಂಡ್ ಮೀರುವಂತಿಲ್ಲ ಅಂದಿತು.

ಆ ಬಡಪಾಯಿ ಸೆನ್ಸರ್ ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ, ಯಾರಿಗೂ ಚಾಡಿ ಹೇಳುತ್ತಿರಲಿಲ್ಲ. ಎದುರಿಗೇ ಹಟ ಹಿಡಿಯುತ್ತಿತ್ತು, ಅಷ್ಟೇ. ಅದನ್ನು ಓಡಿಸಿದ ಮೇಲೆ ಬಂದವೆಲ್ಲ ಬಾಯಿ ಬಿಡದವು. ಏರ್‌ಬ್ಯಾಗಿನ ಜೊತೆ ಬಂದ ದಾಖಲೆ ಪೆಟ್ಟಿಗೆ, ಡಿಕ್ಕಿಗೆ ಮುಂಚಿನ 5 ಸೆಕೆಂಡುಗಳ ವೇಗ, ಬ್ರೇಕ್ ಎಲ್ಲ ಬರೆದಿಡುತ್ತದೆ (2024ರ ಕೊನೆಗೆ ಅದನ್ನು 20ಕ್ಕೆ ಏರಿಸುವ ನಿಯಮವೂ ಬಂತು). ಆ ಬರಹ ಕಾರಿನ ಒಡೆಯನದೇ ಅಂತ ಅಮೆರಿಕದಲ್ಲಿ ಕೇಂದ್ರದ ಕಾನೂನು ಆಗಿದ್ದು 2015ರಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಕಾರು ರಸ್ತೆಗಿಳಿದಿದ್ದವು.

ಇನ್ನೂ ವಿಚಿತ್ರ 2003ರ ತೀರ್ಪು. ಆಪತ್ತಿನಲ್ಲಿ ಸಹಾಯ ಕೇಳೋಕೆ ಅಂತ ಕಾರಿನಲ್ಲಿಟ್ಟಿದ್ದ ಮೈಕನ್ನು ಎಫ್‌ಬಿಐ ಕೋರ್ಟಿನ ಆದೇಶ ತಂದು, ಒಳಗಿದ್ದವರಿಗೆ ತಿಳಿಯದಂತೆ ತೆರೆಸಿ ಮಾತು ಕೇಳಿತ್ತು. ಕಂಪನಿ ಮೇಲ್ಮನವಿ ಹಾಕಿ ಗೆದ್ದಿತು. ಯಾಕೆ ಗೊತ್ತಾ? ಖಾಸಗಿ ಮಾತು ಕದ್ದು ಕೇಳಿದರು ಅಂತಲ್ಲ. ಎಫ್‌ಬಿಐ ಕೇಳುತ್ತಿರುವಷ್ಟು ಹೊತ್ತು ತುರ್ತು ಗುಂಡಿ ಕೆಲಸ ಮಾಡೋದಿಲ್ಲ, ಗ್ರಾಹಕರ ಸೇವೆ ಕೆಡುತ್ತದೆ ಅಂತ! ಸೇವೆ ಕೆಡಿಸದೆ ಕೇಳುವ ದಾರಿ ಇದ್ದಿದ್ದರೆ?

ಯುರೋಪಿನವರು ಸ್ವಲ್ಪ ಜಾಣರು. 2018ರ ಮಾರ್ಚ್ 31ರಿಂದ ಹೊಸ ಮಾದರಿಗಳಿಗೆ ಕಡ್ಡಾಯವಾದ ಇ-ಕಾಲ್, ದೊಡ್ಡ ಡಿಕ್ಕಿಯಾದರೆ ತಾನೇ 112ಕ್ಕೆ ಕರೆ ಮಾಡಿ ಜಾಗ ತಿಳಿಸುತ್ತದೆ. ಉಳಿದ ಹೊತ್ತು ಕಾರಿನ ಬೆನ್ನು ಹತ್ತುವಂತಿಲ್ಲ ಅಂತ ಕಾನೂನಿನಲ್ಲೇ ಇದೆ. ಇಷ್ಟಕ್ಕೆ ನನ್ನ ತಕರಾರಿಲ್ಲ. ನಮ್ಮ ಭಾವ ಇವತ್ತು ಓಡಾಡಿಕೊಂಡಿರುವುದೇ ಏರ್‌ಬ್ಯಾಗಿನ ಸೆನ್ಸರಿನಿಂದ; ಬೇಡ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ಅವರ ಜೀವ ಉಳಿಸೋಕೆ ಅವರು ಹಿಂದಿನ ರಾತ್ರಿ ಎಲ್ಲಿಗೆ ಹೋಗಿದ್ದರು ಅಂತ ಅದಕ್ಕೆ ಗೊತ್ತಿರಬೇಕಾಗಿರಲಿಲ್ಲ. ಜನರಲ್ ಮೋಟರ್ಸ್ ಕೆಲವೊಮ್ಮೆ 3 ಸೆಕೆಂಡಿಗೊಂದು ಸಲ ಕಾರು ಎಲ್ಲಿದೆ ಅಂತ ಗುರುತು ಹಾಕಿಕೊಂಡು, ಜೋರು ಬ್ರೇಕ್, ತಡರಾತ್ರಿ ಓಡಾಟದ ಲೆಕ್ಕವನ್ನೂ ಸರಿಯಾಗಿ ಒಪ್ಪಿಗೆ ಕೇಳದೆ ಮಾರಿತು, ಅದು ವಿಮೆಯ ದರ ಕಟ್ಟೋಕೆ ಬಳಕೆಯಾಯ್ತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆರೋಪ ಹೊರಿಸಿತು.

ಶೋರೂಮಿನ ಹುಡುಗ ದಿನಾ ಫೋನ್ ಮಾಡ್ತಾನೆ. ಆ ಕರಾರಿನ ಒಂದು ಪ್ರತಿ ಕಳಿಸಪ್ಪಾ ಅಂದಿದ್ದೀನಿ. ಇನ್ನೂ ಬಂದಿಲ್ಲ.