ಅರಗಿನ ಲೇಪ (ಚನ್ನಪಟ್ಟಣದ ಮರದ ಆಟಿಕೆಗಳು)

ಕಡೆದ ಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗಲೇ ಅದಕ್ಕೆ ಬಣ್ಣದ ಅರಗನ್ನು ಒತ್ತಿ ಹಚ್ಚುವ ವಿಧಾನ. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ ಮೈಸೂರು ರಸ್ತೆಯಲ್ಲಿರುವ ಚನ್ನಪಟ್ಟಣ. ಇಲ್ಲಿನ ರೈಲು, ಕಾರು, ಗೊಂಬೆಗಳನ್ನು ಜನ ಬಣ್ಣದಿಂದ ಗುರುತಿಸುತ್ತಾರೆ. ಆದರೆ ಅವುಗಳ ಆಕಾರವನ್ನು ನಿರ್ಧರಿಸಿದ್ದೂ ಈ ಲೇಪವೇ ಎನ್ನಬೇಕು. ಅರಗು ಕರಗಲು ಉಜ್ಜಾಟದ ಕಾವು ಬೇಕು, ಆ ಕಾವಿಗೆ ಮರ ತಿರುಗಬೇಕು. ಆದ್ದರಿಂದ ಎಂಜಿನ್ನಿನ ಒಡಲು, ಚಕ್ರ, ಗೊಂಬೆಯ ತಲೆ ಎಲ್ಲವೂ ಉರುಳೆ, ಗುಂಡು, ಶಂಕುಗಳೇ. ಅವನ್ನು ಒಂದೊಂದಾಗಿ ಕಡೆದು, ಬಣ್ಣ ಕೊಟ್ಟು, ಆಮೇಲೆ ಜೋಡಿಸಲಾಗುತ್ತದೆ.

ಮರ

ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ, ಅಂದರೆ ಬೆಪ್ಪಾಲೆ (ರೈಟಿಯ ಟಿಂಕ್ಟೋರಿಯ). ದಂತದ ಬಣ್ಣದ, ನಯವಾದ ಎಳೆಯ ಮರ ಇದು. ಅರಗು ಮರದೊಳಗೆ ಇಳಿಯದೆ ಮೇಲೆಯೇ ತೆಳ್ಳಗೆ ಕೂರುವುದರಿಂದ, ದೊಡ್ಡ ರಂಧ್ರಗಳಿರುವ ಮರದಲ್ಲಿ ಹೊಳಪಿನ ನಡುವೆ ಕುಳಿಗಳು ಕಾಣುತ್ತವೆ. ಆಲೆಯಲ್ಲಿ ಆ ತೊಂದರೆಯಿಲ್ಲ. ಅದರ ಬಿಳುಪಿನಿಂದಾಗಿ ತೆಳು ಬಣ್ಣವೂ ಎದ್ದು ಕಾಣುತ್ತದೆ. ಇತ್ತೀಚೆಗೆ ರಬ್ಬರ್ ಮರವೂ ಬಳಕೆಗೆ ಬಂದಿದೆ.

ಮರ ಚೆನ್ನಾಗಿ ಆರಿರಬೇಕು. ಒಣಗುವಾಗ ಮರವು ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವಷ್ಟು ತಿರುಳಿನ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಹಾಗಾಗಿ ಹಸಿ ಮರದಲ್ಲಿ ಕಡೆದ ಚಕ್ರ ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮೇಲಿನ ಅರಗು ಬಿರಿಯುತ್ತದೆ.

ಅರಗು ಮತ್ತು ಹಚ್ಚುವ ಕ್ರಮ

ಅರಗು ಒಂದು ಪುಟ್ಟ ಕೀಟದ (ಕೆರಿಯ ಲ್ಯಾಕ) ಸ್ರಾವ. ಮುತ್ತುಗ, ಬೋರೆ, ಸಾಗಡೆ ಮುಂತಾದ ಮರಗಳ ಎಳೆ ಕೊಂಬೆಗಳಲ್ಲಿ ರಸ ಹೀರುತ್ತ ಈ ಕೀಟಗಳು ಅದನ್ನು ತಮ್ಮ ಸುತ್ತ ಕಟ್ಟಿಕೊಳ್ಳುತ್ತವೆ. ದೇಶದಲ್ಲಿ ಅರಗಿನ ದೊಡ್ಡ ಪಾಲು ಬರುವುದು ಜಾರ್ಖಂಡ್, ಛತ್ತೀಸ್‌ಗಢಗಳ ಕಡೆಯಿಂದ. ರಾಂಚಿಯ ನಾಮ್‌ಕುಮ್‌ನಲ್ಲಿ 1924ರಲ್ಲೇ ಇದರ ಸಂಶೋಧನಾ ಸಂಸ್ಥೆ ಆರಂಭವಾಯಿತು.

ಶುದ್ಧಗೊಳಿಸಿದ ಅರಗನ್ನು ಕೆಂಡದ ಕಾವಿಗೆ ಮೆತ್ತಗೆ ಮಾಡಿ, ಬಣ್ಣ ಸೇರಿಸಿ, ಎಳೆದು ಮಡಚಿ ಮತ್ತೆ ಎಳೆಯುತ್ತಾರೆ. ಬಣ್ಣ ಒಂದೇ ಸಮ ಬೆರೆತ ಮೇಲೆ ಕಡ್ಡಿಯಾಗಿ ಹೊಸೆದು ತಣಿಸುತ್ತಾರೆ. ಇಲ್ಲಿ ಕಾವಿನ ಅಂದಾಜೇ ಮುಖ್ಯ. ಸುಮಾರು 65–75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುವ ಅರಗನ್ನು ತುಂಬಾ ಹೊತ್ತು ಜೋರಾಗಿ ಕಾಯಿಸಿದರೆ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂತಾಗುತ್ತದೆ. ಹಾಗಾದ ಅರಗು ಮತ್ತೆ ಕರಗದು.

ಉಪ್ಪುಕಾಗದದಿಂದ ನುಣುಪಾದ ತುಂಡು ತಿರುಗುತ್ತಿರುವಾಗ ಕಡ್ಡಿಯನ್ನು ಒತ್ತಿ ಹಿಡಿದರೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಕೂರುವುದು ಗಂಟುಗಂಟಾದ, ಅಂಚು ಹರಿದ ಪಟ್ಟಿ. ಕಸುಬುದಾರರು ಕೇದಗೆಯ ಒಣ ಗರಿಯನ್ನು ಮಡಚಿ ಅದರ ಮೇಲೆ ಒತ್ತಿ, ನಿಧಾನವಾಗಿ ಎಡಬಲ ಸರಿಸುತ್ತಾರೆ. ಆ ಉಜ್ಜಾಟಕ್ಕೆ ಅರಗು ಮತ್ತೊಮ್ಮೆ ಮೆದುವಾಗಿ ತಗ್ಗುಗಳಿಗೆ ಹರಡಿಕೊಳ್ಳುತ್ತದೆ, ಮೈ ಹೊಳೆಯತೊಡಗುತ್ತದೆ. ಎರಡು ಬಣ್ಣ ಕೂಡುವಲ್ಲಿ ಉಳಿಯ ಮೊನೆ ತಾಕಿಸಿ ಅಂಚು ನೇರ ಮಾಡುತ್ತಾರೆ. ಲೇಪ ಒಣಗಲೆಂದು ಕಾಯಬೇಕಿಲ್ಲ, ತಣ್ಣಗಾದರೆ ಕೆಲಸ ಮುಗಿಯಿತು. ಗೀರು ಬಿದ್ದ ತುಂಡನ್ನೂ ಮತ್ತೆ ಲೇತಿಗೇರಿಸಿ ಸರಿಪಡಿಸಬಹುದು. ಬೇರೆ ಲೇಪಗಳಲ್ಲಿ ಇಷ್ಟು ಸಲೀಸಾಗಿ ಸಿಗದ ಅನುಕೂಲ ಇದು.

ಲೇಪದ ಆಯ್ಕೆ

ಗಾಡಿಯ ಹಲಗೆಯಂಥ ಚಪ್ಪಟೆ ಭಾಗಗಳಿಗೆ ಅರಗಿನ ಕಡ್ಡಿ ಒಗ್ಗದು. ಅಲ್ಲಿ ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಉಜ್ಜುವ ಫ್ರೆಂಚ್ ಪಾಲಿಶ್ ಹೊಂದುತ್ತದೆ. ಅಗಸೆ ಎಣ್ಣೆ ಮರದ ಎಳೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಒಣಗುವುದು ತಡ ಮತ್ತು ಬಿಳಿ ಮರ ಹಳದಿಗೆ ತಿರುಗುತ್ತದೆ. ಬಿಸಿನೀರು, ಸ್ಪಿರಿಟ್, ಸೋಡದಂಥ ಕ್ಷಾರ ಇವು ಅರಗಿಗೆ ಆಗದವು. ತೊಳೆದು ಬಳಸುವ ವಸ್ತುಗಳಿಗೆ ಅದನ್ನು ಆರಿಸದಿರುವುದೇ ಲೇಸು.

ಇತಿಹಾಸ

ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಕಲಿಸಿದನೆಂಬುದು ಊರಿನ ನಂಬಿಕೆ. ಆಟಿಕೆಯ ಕಸುಬಿಗೆ ಹೊಸ ರೂಪ ಕೊಟ್ಟವರೆಂದು ಬಾವಾಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಮರ, ಇದೇ ಅರಗು ಬಳಕೆಯಲ್ಲಿವೆ. ಹಾಗಾಗಿ ಈ ಕಲೆಯನ್ನು ಒಂದೇ ಊರಿನ ಕಥೆಯಾಗಿ ಹೇಳುವುದು ಸಾಲದು. ಚನ್ನಪಟ್ಟಣದ ಆಟಿಕೆಗಳಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಮಕ್ಕಳ ಸುರಕ್ಷತೆ

ಮಾತ್ರೆ, ಮಿಠಾಯಿಗಳ ಹೊಳಪಿಗೂ ಅರಗನ್ನು ಬಳಸುವುದುಂಟು. ಆಟಿಕೆಯಲ್ಲಿ ಎಚ್ಚರ ಬೇಕಿರುವುದು ಅದಕ್ಕೆ ಬೆರೆಸುವ ಬಣ್ಣದ ವಿಷಯದಲ್ಲಿ. ಅರಿಸಿನ, ನೀಲಿ, ಕಾಚುಗಳಂಥ ಸಸ್ಯಮೂಲದ ಬಣ್ಣಗಳು ನಂಬಿಕೆಗೆ ಅರ್ಹ. ಅರಿಸಿನದ ಹಳದಿ ಬಿಸಿಲಿಗೆ ಮಾಸುತ್ತದೆ ಎಂಬ ಕಾರಣಕ್ಕೆ, ಕೂಸು ಬಾಯಿಗಿಡುವ ಗಿಲಕಿಗೆ ಸೀಸ ಬೆರೆತಿರಬಹುದಾದ ಗುರುತಿಲ್ಲದ ಪುಡಿಯನ್ನು ಬಳಸಬಾರದು. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ಮತ್ತು ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರ ತಯಾರಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಹೀಗಾಗಿ ಇಂಥ ಆಟಿಕೆಗಳಲ್ಲಿ ಬಣ್ಣವನ್ನು ಪರಿಶೀಲಿಸುವ ಹೊಣೆ ಬಹುಮಟ್ಟಿಗೆ ತಯಾರಕರ ಮೇಲೆಯೇ ಇದೆ.