ದಿನಚರಿಯ ಖಾಲಿ ಸಾಲು

ಅಮೆರಿಕದ ಅಧ್ಯಕ್ಷರ ಅಧಿಕೃತ ದಿನಚರಿಯಷ್ಟು ಸಪ್ಪೆಯಾದ ಓದು ಹುಡುಕಿದರೂ ಸಿಗಲಾರದು. ಹಾಳೆಯ ನೆತ್ತಿಯಲ್ಲಿ ಆ ದಿನ ಅಧ್ಯಕ್ಷರಿಗೆ ಬೆಳಗಾದ ಊರು, ತಾರೀಖು, ವಾರ. ಎಡಗಡೆ ಬಂದ ಹೊತ್ತು, ಹೊರಟ ಹೊತ್ತು. ಪಕ್ಕದ ಕಿರಿದಾದ ಅಂಕಣದಲ್ಲಿ, ಫೋನ್ ಕರೆಯಾಗಿದ್ದರೆ ಅದು ಅಧ್ಯಕ್ಷರೇ ಮಾಡಿದ್ದೋ ಅವರಿಗೆ ಬಂದದ್ದೋ ಎಂದು ತಿಳಿಸುವ ಒಂದಕ್ಷರದ ಗುರುತು. ಬಲಗಡೆ ಒಂದು ವಾಕ್ಯ: ಅಧ್ಯಕ್ಷರು ಉಪಾಹಾರ ಸೇವಿಸಿದರು, ಓವಲ್ ಆಫೀಸಿಗೆ ಹೋದರು, ಇಂಥವರಿಗೆ ಫೋನ್ ಮಾಡಿದರು, ಕರೆ ಸಿಗಲಿಲ್ಲ. 1969ರ ಜುಲೈ 20ರ ರಾತ್ರಿ ಚಂದ್ರನ ಮೇಲೆ ನಿಂತಿದ್ದ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಜೊತೆ ನಿಕ್ಸನ್ ಮಾತಾಡಿದ್ದೂ ಇದೇ ಧಾಟಿಯಲ್ಲಿ, ಅಂತರಗ್ರಹ ಸಂಭಾಷಣೆ ಎಂಬ ಹೆಸರಿನಲ್ಲಿ, ಉಳಿದ ಕರೆಗಳ ನಡುವೆ ಒಂದು ಸಾಲಾಗಿ ಕೂತಿದೆ. (ನವಗ್ರಹಗಳನ್ನು ಸುತ್ತು ಹಾಕುವ ನಮಗೆ ಅದರಲ್ಲಿ ತಪ್ಪೇನೂ ಕಾಣದು.) ಚರಿತ್ರೆಯ ರಸವೆಲ್ಲ ಸೋರಿಹೋದಂತಿರುವ ಈ ಹಾಳೆಗಳನ್ನು ಅಧ್ಯಕ್ಷರ ಆತ್ಮಕಥೆಗಿಂತ, ಅವರ ಭಾಷಣಗಳಿಗಿಂತ, ಎಷ್ಟೋ ಸಲ ಧ್ವನಿಮುದ್ರಿಕೆಗಿಂತಲೂ ಹೆಚ್ಚು ನಂಬಬಹುದು ಎಂಬುದು ನನ್ನ ವಾದ. ಆ ನಂಬಿಕೆಗೆ ಕಾರಣ ಅವುಗಳ ಸಪ್ಪೆತನದಲ್ಲೇ ಇದೆ.

ಇದನ್ನು ಬರೆಯುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಅಧ್ಯಕ್ಷರು ಸ್ವತಃ ಬರೆದುಕೊಳ್ಳುವ ಖಾಸಗಿ ಡೈರಿಯೇ ಬೇರೆ. ರೇಗನ್ ಮತ್ತು ಕಾರ್ಟರ್ ಇಬ್ಬರೂ ಅಂಥದ್ದನ್ನು ಇಟ್ಟಿದ್ದರು, ಅವು ಅಚ್ಚಾಗಿಯೂ ಇವೆ. ಅಧಿಕೃತ ದಿನಚರಿಯ ಬೇರು ಶ್ವೇತಭವನದ ಬಾಗಿಲ ಬಳಿಯಲ್ಲಿದೆ. ಯಾರು ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಟರು ಎಂದು ಅಲ್ಲಿನ ಅಷರ್‌ಗಳು, ಅಂದರೆ ಮನೆವಾರ್ತೆ ನೋಡಿಕೊಳ್ಳುವ ಸಿಬ್ಬಂದಿ, ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಫ್ರಾಂಕ್ಲಿನ್ ರೂಸ್ವೆಲ್ಟರ ಕಾಲದ ದಿನಗಳನ್ನು ಇಂದು ಮರುಜೋಡಿಸುವವರು ಆ ಪುಸ್ತಕವನ್ನೂ ಕಚೇರಿಯ ಶೀಘ್ರಲಿಪಿಕಾರರ ಡೈರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಓದುತ್ತಾರೆ. ಲಿಂಡನ್ ಜಾನ್ಸನ್ ಕಾಲಕ್ಕೆ ಇದು ಕಾರ್ಯದರ್ಶಿಗಳ ಮೇಜಿಗೆ ಬಂತು. ನಿಕ್ಸನ್ ಕಾಲದಲ್ಲಿ ಶ್ವೇತಭವನಕ್ಕೆ ನಿಯೋಜನೆಗೊಂಡ ರಾಷ್ಟ್ರೀಯ ಪತ್ರಾಗಾರದ ನೌಕರರು ಇದನ್ನು ಸಿದ್ಧಪಡಿಸತೊಡಗಿದರು. ಅವರು ಅಧ್ಯಕ್ಷರ ಬೆನ್ನ ಹಿಂದೆ ನೋಟ್‌ಬುಕ್ ಹಿಡಿದು ತಿರುಗುತ್ತಿರಲಿಲ್ಲ. ಸ್ವಿಚ್‌ಬೋರ್ಡಿನ ಆಪರೇಟರುಗಳ ಚೀಟಿ, ಸೀಕ್ರೆಟ್ ಸರ್ವಿಸ್ ಕಾವಲುಗಾರರ ಚಲನವಲನದ ಪಟ್ಟಿ, ಅಷರ್‌ಗಳ ಪುಸ್ತಕ, ಕಾರ್ಯದರ್ಶಿಗಳ ಭೇಟಿಪಟ್ಟಿ, ಔತಣಕ್ಕೆ ಬಂದವರ ಹೆಸರುಗಳು, ಇವೆಲ್ಲ ಬೇರೆ ಬೇರೆ ಮೇಜುಗಳಿಂದ ಬಂದು ಒಂದು ಹಾಳೆಯಲ್ಲಿ ಸೇರುತ್ತಿದ್ದವು. ಆಪರೇಟರಿಗೆ ತಾನು ಬರೆದ ಹೊತ್ತು ಮುಂದೆ ಯಾವ ಮೊಕದ್ದಮೆಯಲ್ಲಿ ಏನು ಸಾಬೀತು ಮಾಡೀತು ಎಂಬ ಕಲ್ಪನೆಯಿಲ್ಲ. ಕಾವಲುಗಾರನಿಗೆ ಆಪರೇಟರ್ ಏನು ಬರೆದಳೆಂಬುದು ಗೊತ್ತಿಲ್ಲ. ಉದ್ದೇಶವೇ ಇಲ್ಲದ ಇಷ್ಟು ಕೈಗಳನ್ನು ಒಟ್ಟಿಗೆ ಸೇರಿಸಿ ಒಂದು ಸುಳ್ಳಿಗೆ ಒಪ್ಪಿಸುವುದು ಸುಲಭವಲ್ಲ.

ಇದರ ಅತ್ಯುತ್ತಮ ಪರೀಕ್ಷೆ ನಡೆದದ್ದು ವಾಟರ್‌ಗೇಟ್ ಹಗರಣದಲ್ಲಿ. ಶ್ವೇತಭವನದಲ್ಲಿ ಗುಪ್ತ ಧ್ವನಿಮುದ್ರಣ ವ್ಯವಸ್ಥೆಯಿದೆ ಎಂದು ಅಲ್ಲಿನ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ 1973ರ ಜುಲೈ 16ರಂದು ಸೆನೆಟ್ ಸಮಿತಿಯ ಮುಂದೆ ಬಾಯಿಬಿಟ್ಟಾಗ ಅಲ್ಲಿದ್ದದ್ದು ಸಾವಿರಾರು ಗಂಟೆಗಳ ಸುರುಳಿ. ಅಷ್ಟನ್ನೂ ಕೊಡಿ ಎಂದು ಯಾವ ಅಭಿಯೋಜಕನೂ ಕೇಳಲಾರ, ಕೇಳಿದರೂ ನ್ಯಾಯಾಲಯ ಒಪ್ಪಲಾರದು. ವಾರ ಕಳೆಯುವುದರೊಳಗೆ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್ ಒಂಬತ್ತು ಸಂಭಾಷಣೆಗಳನ್ನು ಬೆರಳಿಟ್ಟು ತೋರಿಸಿ ಕೇಳಿದರು: ಇಂಥ ದಿನ, ಇಂಥ ಕೋಣೆ, ಇಷ್ಟರಿಂದ ಇಷ್ಟು ಹೊತ್ತು. ಭೇಟಿಗಳ ದಾಖಲೆ ಇಲ್ಲದಿದ್ದರೆ ಹೀಗೆ ಕೇಳುವುದು ಸಾಧ್ಯವೇ ಇರಲಿಲ್ಲ. ಆ ಪಟ್ಟಿಯಲ್ಲಿ 1972ರ ಜೂನ್ 20ರ ಎರಡು ನಮೂದುಗಳಿದ್ದವು. ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಕಳ್ಳರು ವಾಟರ್‌ಗೇಟ್ ಕಟ್ಟಡದಲ್ಲಿ ಸಿಕ್ಕಿಬಿದ್ದು ಮೂರೇ ದಿನವಾಗಿತ್ತು. ಒಂದು ನಮೂದು, ಅಧ್ಯಕ್ಷರು ಸಂಜೆ 6.08ರಿಂದ 6.12ರವರೆಗೆ ತಮ್ಮ ಮರುಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಮಿಚೆಲ್ ಜೊತೆ ನಡೆಸಿದ ಫೋನ್ ಮಾತುಕತೆ. ಅದು ಮುದ್ರಣವೇ ಆಗಿಲ್ಲ, ಯಂತ್ರಕ್ಕೆ ಜೋಡಿಸದಿದ್ದ ಫೋನಿನಿಂದ ಮಾಡಿದ್ದು ಎಂದು ಶ್ವೇತಭವನ ಉತ್ತರಿಸಿತು. ಕೋಣೆ ಕೋಣೆಗೂ ಮೈಕ್ ಅಡಗಿಸಿದ್ದ ವ್ಯವಸ್ಥೆಯ ಕೈಗೆ ಸಿಗದ ನಾಲ್ಕು ನಿಮಿಷ, ನಿಮಿಷದ ಲೆಕ್ಕ ಬರೆಯುವವರ ಕೈಗೆ ಸಿಕ್ಕಿತ್ತು. ಇನ್ನೊಂದು ನಮೂದು ಅದೇ ದಿನ ಬೆಳಗ್ಗೆ ನಿಕ್ಸನ್ ಪಕ್ಕದ ಎಕ್ಸಿಕ್ಯುಟಿವ್ ಆಫೀಸ್ ಕಟ್ಟಡದ ತಮ್ಮ ಕೋಣೆಯಲ್ಲಿ ನಡೆಸಿದ ಭೇಟಿಗಳದ್ದು. ಮೊದಲು ಬಂದವರು ಅವರ ಸಲಹೆಗಾರ ಎರ್ಲಿಕ್‌ಮನ್, ಆಮೇಲೆ ಸಿಬ್ಬಂದಿ ಮುಖ್ಯಸ್ಥ ಹಾಲ್ಡಮನ್. ಹಾಲ್ಡಮನ್ ಜೊತೆಗಿನ ಮಾತಿನ ಸುರುಳಿಯಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್‌ಗುಡುವ ಸದ್ದು. ಐದು ಸಲವಾದರೂ ಅಳಿಸಲಾಗಿದೆ ಎಂದು ತಜ್ಞರ ತಂಡ 1974ರ ಜನವರಿಯಲ್ಲಿ ವರದಿ ಕೊಟ್ಟಿತು. ಹಾಲ್ಡಮನ್ ಅಂದು ಗೀಚಿಕೊಂಡ ಟಿಪ್ಪಣಿಯಲ್ಲಿ ವಾಟರ್‌ಗೇಟ್ ಪ್ರಸ್ತಾಪವಿತ್ತು. ಹೊತ್ತಿನ ದಾಖಲೆ ಭೇಟಿ ನಡೆದದ್ದನ್ನು ಹೇಳಿತು, ಟಿಪ್ಪಣಿ ವಿಷಯವನ್ನು ಹೇಳಿತು, ಅಳಿಸಿದ ಸುರುಳಿ ಯಾರಿಗೋ ಅದು ಕೇಳಬಾರದಿತ್ತು ಎಂಬುದನ್ನು ಹೇಳಿತು. ಮೂರರಲ್ಲಿ ತಿರುಚಲು ಆಗದೆ ಉಳಿದದ್ದು ಯಾರೂ ಮುಖ್ಯವೆಂದು ಎಣಿಸದಿದ್ದ ಹಾಳೆ.

ಸಾಕ್ಷಿಗಳ ನೆನಪು ಸಾಲದೇ ಎಂದು ಕೇಳಬಹುದು. ಶ್ವೇತಭವನದ ವಕೀಲರಾಗಿದ್ದ ಜಾನ್ ಡೀನ್ 1973ರ ಜೂನ್ ಕೊನೆಯ ವಾರದಲ್ಲಿ ಸೆನೆಟ್ ಸಮಿತಿಯ ಮುಂದೆ ದಿನಗಟ್ಟಲೆ ಕೂತು, ಅಧ್ಯಕ್ಷರ ಜೊತೆ ಆಡಿದ ಮಾತುಗಳನ್ನು ಎಷ್ಟು ವಿವರವಾಗಿ ಹೇಳಿದರೆಂದರೆ ಅವರ ತಲೆಯೊಳಗೇ ಟೇಪ್ ರೆಕಾರ್ಡರ್ ಇದೆ ಎಂದು ಜನ ಬೆರಗಾದರು. ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ 1981ರಲ್ಲಿ ಆ ಸಾಕ್ಷ್ಯವನ್ನು ಬಿಡುಗಡೆಯಾದ ಟೇಪುಗಳ ಪಕ್ಕ ಇಟ್ಟು ನೋಡಿದರು. ಮುಚ್ಚಿಹಾಕುವ ಸಂಚು ನಡೆದಿತ್ತು, ಅದು ನಿಕ್ಸನ್‌ಗೆ ಗೊತ್ತಿತ್ತು ಎಂಬ ಒಟ್ಟು ಸತ್ಯದಲ್ಲಿ ಡೀನ್ ತಪ್ಪಿರಲಿಲ್ಲ. ಯಾರು ಯಾವ ಮಾತನ್ನು ಯಾವ ಭೇಟಿಯಲ್ಲಿ ಆಡಿದರು ಎಂಬಲ್ಲಿ ಮೇಲಿಂದ ಮೇಲೆ ತಪ್ಪಿದ್ದರು. ಪ್ರಾಮಾಣಿಕ ನೆನಪು ಕೂಡ ಎರಡು ದಿನಗಳನ್ನು ಬೆರೆಸಿ ಒಂದು ಮಾಡುತ್ತದೆ. ಅಪ್ರಾಮಾಣಿಕ ನೆನಪಿಗಂತೂ ಅದೇ ಆಶ್ರಯ. ತಾರೀಖು ಮತ್ತು ಗಂಟೆಯನ್ನು ಬೇರೊಬ್ಬರು ಅಂದೇ ಬರೆದಿಟ್ಟಿದ್ದರೆ ಮಾತ್ರ ನೆನಪನ್ನು ನೇತುಹಾಕಲು ಒಂದು ಗೂಟ ಸಿಗುತ್ತದೆ.

ಒಳಗೇನು ನಡೆಯಿತೆಂದು ಹೇಳದ ದಿನಚರಿ ಕಟ್ಟಿಕೊಂಡು ಪ್ರಯೋಜನವೇನು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 1970ರ ಮೇ 9ರ ನಸುಕಿನಲ್ಲಿ, ಕಾಂಬೋಡಿಯಾ ದಾಳಿಯ ವಿರುದ್ಧ ವಿದ್ಯಾರ್ಥಿಗಳು ರಾಜಧಾನಿಯಲ್ಲಿ ಸೇರಿದ್ದಾಗ, ನಿದ್ದೆ ಬಾರದ ನಿಕ್ಸನ್ ರಾತ್ರಿಯೆಲ್ಲ ಫೋನ್ ಮಾಡಿ, ಕೊನೆಗೆ ತಮ್ಮ ಪರಿಚಾರಕನನ್ನು ಕರೆದುಕೊಂಡು ಲಿಂಕನ್ ಸ್ಮಾರಕಕ್ಕೆ ಹೋಗಿ ಹುಡುಗರ ಜೊತೆ ಮಾತಾಡಿದರು. ದಿನಚರಿಯಲ್ಲಿ ಕರೆಗಳಿವೆ, ಕಾರು ಹೊರಟ ಹೊತ್ತಿದೆ. ಮಾತು ಇಲ್ಲ. ತಾನು ಶಾಂತಿಯ ಬಗ್ಗೆ ಗಂಭೀರವಾಗಿ ಮಾತಾಡಿದೆ ಎಂದು ನಿಕ್ಸನ್ ಆಮೇಲೆ ಟಿಪ್ಪಣಿ ಬರೆಸಿದರು. ಅವರು ಫುಟ್‌ಬಾಲ್ ವಿಚಾರ ಎತ್ತಿದರು ಎಂದು ವಿದ್ಯಾರ್ಥಿಗಳು ಪತ್ರಿಕೆಯವರಿಗೆ ಹೇಳಿದರು. ನಮಗೆ ಹತ್ತಿರದ ಇನ್ನೊಂದು ಉದಾಹರಣೆಯಿದೆ. ಬಾಂಗ್ಲಾ ಯುದ್ಧಕ್ಕೆ ಒಂದು ತಿಂಗಳು ಮುಂಚೆ, 1971ರ ನವೆಂಬರ್ 4 ಮತ್ತು 5ರಂದು, ಇಂದಿರಾ ಗಾಂಧಿ ವಾಷಿಂಗ್ಟನ್ನಿನಲ್ಲಿ ನಿಕ್ಸನ್ ಅವರನ್ನು ಕಂಡರು. ಎರಡನೆಯ ದಿನದ ಭೇಟಿಗೆ ಮುನ್ನ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್ ನಮ್ಮ ಪ್ರಧಾನಿಯನ್ನು ಎಷ್ಟು ಕೀಳಾಗಿ ಬೈದುಕೊಂಡರು ಎಂಬುದು 2005ರಲ್ಲಿ ಟೇಪಿನ ಲಿಪ್ಯಂತರ ಹೊರಬಂದಾಗಲೇ ಜಗತ್ತಿಗೆ ತಿಳಿದದ್ದು. ದಿನಚರಿಯ ಪ್ರಕಾರ ಅಲ್ಲಿ ನಡೆದದ್ದು ಒಂದು ಭೇಟಿ, ಅಷ್ಟೆ. ಆಕ್ಷೇಪದಲ್ಲಿ ಹುರುಳಿದೆ, ಒಪ್ಪಬೇಕು. ಆದರೆ ಮಾತನ್ನೂ ಬರೆದಿಡುವ ದಿನಚರಿಯನ್ನು ಯಾವ ಅಧ್ಯಕ್ಷರೂ ಒಂದು ದಿನ ಸಹಿಸಲಾರರು. ಸಹಿಸಿದರೂ ಅದರ ಮುಂದೆ ಭಾಷಣ ಮಾಡಲು ಶುರುಮಾಡುತ್ತಾರೆ. ಹೊತ್ತು, ಹೆಸರು ಇಷ್ಟನ್ನೇ ಕೇಳುವ ಪುಸ್ತಕದ ಎದುರು ಯಾರೂ ನಾಟಕ ಆಡುವುದಿಲ್ಲ.

ಹೆಸರನ್ನೇ ಬದಲಿಸಿದರೆ? ಅದೂ ನಡೆದಿದೆ. ರೂಸ್ವೆಲ್ಟರ ಹಳೆಯ ಪ್ರೇಯಸಿ ಲೂಸಿ ರದರ್‌ಫರ್ಡ್ 1941ರಲ್ಲಿ ಶ್ವೇತಭವನಕ್ಕೆ ಬಂದದ್ದು ಪುಸ್ತಕದಲ್ಲಿ ಮಿಸೆಸ್ ಜಾನ್ಸನ್ ಎಂದಿದೆ. ಮೋನಿಕಾ ಲೆವಿನ್ಸ್ಕಿ ಶ್ವೇತಭವನದ ಕೆಲಸ ಬಿಟ್ಟ ಮೇಲೆ ಒಳಗೆ ಬಂದದ್ದು ಕ್ಲಿಂಟನ್ ಅವರ ಕಾರ್ಯದರ್ಶಿ ಬೆಟ್ಟಿ ಕರಿಯನ್ನು ಕಾಣುವ ನೆಪದಲ್ಲಿ. ಆದರೂ ಅವರಿಬ್ಬರ ಸಂಬಂಧದ ತನಿಖೆಯ 1998ರ ಸ್ಟಾರ್ ವರದಿ ಇಂಥ ಪ್ರವೇಶಪಟ್ಟಿ, ಫೋನ್ ಪಟ್ಟಿಗಳನ್ನೂ ಆಧರಿಸಿತ್ತು. ಸುಳ್ಳು ಹೆಸರಿನವರೂ ನಿಜವಾದ ಹೊತ್ತಿಗೇ ಬಾಗಿಲು ದಾಟಬೇಕಲ್ಲ.

ಇಷ್ಟಾದರೂ ದಿನಚರಿಯ ಈ ಕಟ್ಟಡಕ್ಕೆ ಕಾನೂನಿನ ಅಡಿಪಾಯ ತೆಳುವಾಗಿದೆ. ನಿಕ್ಸನ್ ತನಕ ಅಧ್ಯಕ್ಷರ ಕಾಗದಪತ್ರವೆಲ್ಲ ಅವರ ಸ್ವಂತ ಆಸ್ತಿ ಎಂಬುದೇ ರೂಢಿ. 1978ರ ಅಧ್ಯಕ್ಷೀಯ ದಾಖಲೆಗಳ ಕಾಯಿದೆ, 1981ರ ಜನವರಿ 20ರಿಂದಾಚೆಯ ದಾಖಲೆಗಳನ್ನು ಸಾರ್ವಜನಿಕ ಸ್ವತ್ತು ಮಾಡಿತು. ಅಧ್ಯಕ್ಷರು ತಮ್ಮ ಚಟುವಟಿಕೆ, ನಿರ್ಧಾರಗಳನ್ನು ಸಮರ್ಪಕವಾಗಿ ದಾಖಲಿಸಬೇಕು ಎಂದಿತು. ದಿನಚರಿ ಇಟ್ಟೇ ತೀರಬೇಕೆಂದು ಮಾತ್ರ ಅದು ಹೇಳಲಿಲ್ಲ. ಬರೆಯುವವರಿಗೆ ಸುದ್ದಿ ಮುಟ್ಟದಿದ್ದರೆ ಹಾಳೆ ಖಾಲಿ. 2021ರ ಜನವರಿ 6ರಂದು ಆದದ್ದು ಅದು. ದಾಖಲೆಗಳನ್ನು ಕೊಡಬಾರದೆಂಬ ಟ್ರಂಪ್ ಅವರ ಆಕ್ಷೇಪವನ್ನು ಸುಪ್ರೀಂ ಕೋರ್ಟ್ 2022ರ ಜನವರಿ 19ರಂದು ತಳ್ಳಿಹಾಕಿದ ಮೇಲೆ ಅವು ಆ ದಿನದ ತನಿಖೆ ನಡೆಸುತ್ತಿದ್ದ ಸಂಸತ್ತಿನ ಸಮಿತಿಯ ಕೈಸೇರಿದಾಗ, ಜನ ಕ್ಯಾಪಿಟಲ್ ಕಟ್ಟಡಕ್ಕೆ ನುಗ್ಗಿದ ಆ ಮಧ್ಯಾಹ್ನದ ದಿನಚರಿಯಲ್ಲಿ 1.21ರಿಂದ 4.03ರವರೆಗೆ ಒಂದು ಸಾಲೂ ಇರಲಿಲ್ಲ. ಅಂದು ಸುಮಾರು ಏಳೂವರೆ ಗಂಟೆ ಕಾಲ ಒಂದು ಫೋನ್ ಕರೆಯೂ ದಾಖಲಾಗಿರಲಿಲ್ಲ. ಹಾಳೆ ಹರಿದಿದ್ದರೆಂಬ ಗುಮಾನಿ ಬಂತಾದರೂ ಅದಕ್ಕಿಂತ ಸರಳ ವಿವರಣೆಯಿತ್ತು: ಸ್ವಿಚ್‌ಬೋರ್ಡ್ ದಾಟದ ಮೊಬೈಲ್ ಕರೆಗೆ ಆಪರೇಟರ್ ಇಲ್ಲ, ಚೀಟಿಯೂ ಇಲ್ಲ.

ಹಾಗಾದರೆ ಮೊಬೈಲ್ ಯುಗದಲ್ಲಿ ದಿನಚರಿಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿತ್ಯ ನಿಮಿಷ ನಿಮಿಷ ತುಂಬುವ ಹಾಳೆಯಲ್ಲಿ ಎರಡೂ ಮುಕ್ಕಾಲು ಗಂಟೆ ಖಾಲಿ ಇದ್ದರೆ, ಎಲ್ಲಿ ಅಗೆಯಬೇಕೆಂದು ಆ ಖಾಲಿಯೇ ತೋರಿಸುತ್ತದೆ. ಸಮಿತಿ ಅಗೆದದ್ದೂ ಅಲ್ಲೇ. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು, ಬೇರೆಯವರ ಫೋನ್ ದಾಖಲೆಗಳನ್ನು ತರಿಸಿತು. ವಕೀಲ ರೂಡಿ ಜೂಲಿಯಾನಿಯವರ ಫೋನಿನ ಲೆಕ್ಕದಲ್ಲಿ ಅಧ್ಯಕ್ಷರ ಜೊತೆಗಿನ ಎರಡು ಕರೆಗಳು ಸಿಕ್ಕವು: 1.39ಕ್ಕೆ ಒಂದು, ಸುಮಾರು ನಾಲ್ಕು ನಿಮಿಷ; 2.03ಕ್ಕೆ ಇನ್ನೊಂದು, ಎಂಟು ನಿಮಿಷಕ್ಕೂ ಮೇಲೆ.