ಹದಿಹರೆಯದವರಲ್ಲಿ ವಿಟಮಿನ್ ಡಿ ಕೊರತೆ: ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯ

ಗದಗ ಜಿಲ್ಲೆಯ ರೋಣ ತಾಲೂಕಿನ ಬೆಳವಣಕಿ ಎರೆಭೂಮಿಯ ಊರು. ಇಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಇಂಥ ಊರುಗಳಲ್ಲಿಯೂ ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿಗೆ ವಿಟಮಿನ್ ಡಿ ಕಡಿಮೆಯಾಗಬಹುದು. ಏಕೆಂದರೆ ಬಿಸಿಲು ಊರಲ್ಲಿದ್ದರೆ ಸಾಲದು, ಮೈಮೇಲೆ ಬೀಳಬೇಕು. ಹೊಲಕ್ಕೆ ಹೋಗುವ ಮಕ್ಕಳಿಗೆ ಅದು ತಾನಾಗಿ ಸಿಗುತ್ತದೆ. ಹಗಲೆಲ್ಲ ತರಗತಿ, ಸಂಜೆ ಟ್ಯೂಷನ್, ರಜೆಯಲ್ಲಿ ಮೊಬೈಲು ಅಥವಾ ಅಂಗಡಿಯ ಗಲ್ಲೆ ಎಂದು ನೆರಳಲ್ಲೇ ಇರುವವರಿಗೆ ಸಿಗುವುದಿಲ್ಲ.

ಕೇಂದ್ರ ಸರಕಾರ 2016-18ರಲ್ಲಿ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ. 14, 5ರಿಂದ 9 ವರ್ಷದವರಲ್ಲಿ ಶೇ. 18, 10ರಿಂದ 19 ವರ್ಷದವರಲ್ಲಿ ಶೇ. 24 ಮಂದಿಗೆ ಈ ಕೊರತೆ ಕಂಡುಬಂದಿದೆ. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಕೊರತೆ ಹೆಚ್ಚು. ಜೀವಮಾನದ ಎಲುಬಿನ ಬಲದ ಬಹುಪಾಲು 20 ವರ್ಷದೊಳಗೆ ಕೂಡಿಬರುತ್ತದೆ. ಹಾಲಿನ ಕ್ಯಾಲ್ಸಿಯಂ ದೇಹಕ್ಕೆ ಸರಿಯಾಗಿ ಸೇರಬೇಕಾದರೂ ವಿಟಮಿನ್ ಡಿ ಬೇಕು.

ನಮ್ಮ ಆಹಾರದಲ್ಲಿ ಎಷ್ಟು ಸಿಗುತ್ತದೆ?

ಈ ವಿಟಮಿನ್ ಹೇರಳವಾಗಿರುವುದು ಮೀನು ಮತ್ತು ಮೀನೆಣ್ಣೆಯಲ್ಲಿ; ಸ್ವಲ್ಪ ಮೊಟ್ಟೆಯ ಹಳದಿಯಲ್ಲಿ, ಬಿಸಿಲು ತಾಗಿದ ಅಣಬೆಯಲ್ಲಿ. ಇವೆಲ್ಲವೂ ಜೈನರಿಗೆ ಅಭಕ್ಷ್ಯ. ಮಾಮೂಲಿ ಹಾಲು, ಮೊಸರು, ತುಪ್ಪದಲ್ಲಿರುವುದು ಅತಿ ಕಡಿಮೆ. ‘ಪ್ಲಸ್ ಎಫ್’ ಗುರುತಿರುವ ಹಾಲು, ಅಡುಗೆ ಎಣ್ಣೆಗೆ ವಿಟಮಿನ್ ಎ ಮತ್ತು ಡಿ ಸೇರಿಸಿರುತ್ತಾರೆ. ಅದು ಸ್ವಲ್ಪ ನೆರವಾಗುತ್ತದೆ. ರಾಗಿ, ಎಳ್ಳು, ಮಜ್ಜಿಗೆ ಕ್ಯಾಲ್ಸಿಯಂ ಕೊಡುತ್ತವೆ, ವಿಟಮಿನ್ ಡಿ ಅಲ್ಲ. ಹೀಗಾಗಿ ನಮಗೆ ಉಳಿಯುವ ಮುಖ್ಯ ಮೂಲ ಬಿಸಿಲೇ. ಅದರಲ್ಲಿ ಹಿಂಸೆಯೂ ಇಲ್ಲ, ಖರ್ಚೂ ಇಲ್ಲ.

ಯಾವ ಬಿಸಿಲು?

ಬೆಳಗಿನ ಎಳೆ ಬಿಸಿಲೇ ಒಳ್ಳೆಯದು ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಬಸದಿಗೆ ಹೋಗಿಬರುವ ಮುಂಜಾನೆಯ ನಡಿಗೆ ಆರೋಗ್ಯಕ್ಕೆ ಹಿತವೇ. ಆದರೆ ಚರ್ಮದಲ್ಲಿ ಈ ವಿಟಮಿನ್ ತಯಾರಿಸುವ ಕಿರಣ ಆ ಹೊತ್ತಿನಲ್ಲಿ ತೀರ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡದಾಗಿರುವ ಹೊತ್ತು, ಅಂದರೆ ಸುಮಾರು 10ರಿಂದ 3 ಗಂಟೆ, ಸರಿಯಾದ ಸಮಯ. ಮುಖ, ಕೈ, ಕಾಲಿಗೆ ವಾರದಲ್ಲಿ ನಾಲ್ಕೈದು ದಿನ 20-30 ನಿಮಿಷ ಬಿಸಿಲು ತಾಗಲಿ. ಏಪ್ರಿಲ್-ಮೇ ತಿಂಗಳಲ್ಲಿ 10 ಗಂಟೆಯ ಸುಮಾರಿಗೆ, ತಲೆಗೆ ಬಟ್ಟೆ ಹಾಕಿಕೊಂಡು ಮುಗಿಸಬೇಕು. ಕಿಟಕಿಯ ಗಾಜಿನ ಒಳಗೆ ಕೂತರೆ ಪ್ರಯೋಜನವಿಲ್ಲ. ಕಪ್ಪಾಗುತ್ತಾರೆಂದು ಹೆಣ್ಣುಮಕ್ಕಳನ್ನು ಒಳಗೇ ಕೂಡಿಸಬಾರದು. ಮುಂದೆ ಬಾಣಂತನದಲ್ಲಿ ಅವರಿಗೂ ಕೂಸಿಗೂ ಅದರ ತೊಂದರೆ ತಟ್ಟುತ್ತದೆ.

ಪರೀಕ್ಷೆ ಮತ್ತು ಔಷಧ

ಕಾಲು, ಸೊಂಟ ನೋವು, ಮೆಟ್ಟಿಲು ಹತ್ತಲು ಆಯಾಸ, ಪದೇಪದೇ ಎಲುಬು ಮುರಿಯುವುದು ಕಂಡರೆ ವೈದ್ಯರಿಗೆ ತೋರಿಸಬೇಕು. ರಕ್ತದಲ್ಲಿ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಹೆಚ್ಚಿದ್ದರೆ ಸಾಕು. 12ಕ್ಕಿಂತ ಕೆಳಗಿದ್ದರೆ ಕೊರತೆ. ಎಲ್ಲ ನೋವಿಗೂ ಇದೇ ಕಾರಣವಲ್ಲ. ಗದಗ ಜಿಲ್ಲೆಯ ಕೆಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದರಿಂದಲೂ ಎಲುಬು ನೋಯುತ್ತದೆ.

ಔಷಧ ಬೇಕಾದರೆ ಅದರ ಮೂಲ ಕೇಳಿ. ಮೆತ್ತನೆಯ ಕ್ಯಾಪ್ಸೂಲ್‌ಗಳ ಹೊದಿಕೆ ಬಹುಮಟ್ಟಿಗೆ ಜೆಲಾಟಿನ್, ಅಂದರೆ ಪ್ರಾಣಿಯ ಎಲುಬು-ಚರ್ಮದಿಂದ ಮಾಡಿದ್ದು. ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನ ಜಾತಿಯ ಲೈಕೆನ್‌ನಿಂದ ತಯಾರಿಸಿದ ಡಿ3 ಕೂಡ ಉಂಟು. ಪುಡಿಯ ಪೊಟ್ಟಣಕ್ಕೆ ಜೆಲಾಟಿನ್ ಹೊದಿಕೆಯ ಪ್ರಶ್ನೆ ಇಲ್ಲ.

ದಿನಕ್ಕೆ ಬೇಕಾದದ್ದು 600 ಯೂನಿಟ್ ಮಾತ್ರ. ಒಂದೇ ಪೊಟ್ಟಣದಲ್ಲಿ 60,000 ಯೂನಿಟ್ ಇರುತ್ತದೆ. ಪಕ್ಕದ ಮನೆಯವರು ಹೇಳಿದರೆಂದು ದಿನವೂ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ಬಾಯಾರಿಕೆ, ಮೂತ್ರಪಿಂಡಕ್ಕೆ ಹಾನಿ ಆಗುತ್ತದೆ. ಎಷ್ಟು ವಾರ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರೇ ಹೇಳಬೇಕು.

ರವಿವಾರದ ಪಾಠಶಾಲೆ ಮುಗಿದ ಮೇಲೆ ಮಕ್ಕಳನ್ನು ಅರ್ಧ ಗಂಟೆ ಬಸದಿಯ ಅಂಗಳದಲ್ಲಿ ಆಡಲು ಬಿಟ್ಟರೆ ವಾರದ ಒಂದು ದಿನದ ಬಿಸಿಲು ಅಲ್ಲೇ ಸಿಕ್ಕಂತಾಗುತ್ತದೆ.